ಕಡಲು ದೂರ, ಕಡಲಿನ ಮಳೆ ದೂರವಲ್ಲ

ರೋಹಿಣೀ ಮಳೆಯ ದಿನಗಳು ಸಮೀಪಿಸಿವೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ರೈತನು ಹೊಲ ಹರಗಿ, ಮುಗಿಲ ಕಡೆಗೆ ಮುಖಮಾಡಿ ನಿಂತಿರುವನು. ಇಂಥ ಹೊತ್ತಿನಲ್ಲಿ ನಾವು ಮಹಾಪೂರ, ಚಂಡಮಾರುತಗಳ ಮಾತೆತ್ತಿದರೆ ವಾಚಕರಲ್ಲಿ ಕೆಲವರಿಗೆ ನಗೆ ಬಂದೀತು. ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ನಾಡಿಗೆ ನೆರೆಯ ಭಯವನ್ನು ಹೇಳುವ ಪತ್ರಿಕಾಕರ್ತರಿಗೆ ಬೇರೆ ಉದ್ಯೋಗವಿಲ್ಲವೇ ಎಂದು ಕೇಳುವವರೂ ಇರಬಹುದು. ಆ ನಗೆಯನ್ನು ನಾವು ಸಂತೋಷದಿಂದ ಸಹಿಸಿಕೊಳ್ಳುವೆವು. ಏಕೆಂದರೆ ಮಳೆಗಾಲದ ಕೊನೆಯಲ್ಲಿ ಅಳುವದಕ್ಕಿಂತ ಮೊದಲಲ್ಲಿ ನಗಿಸಿಕೊಳ್ಳುವದು ಮೇಲು.

ನಮ್ಮ ನಾಲ್ಕು ತಾಲೂಕುಗಳ ನೆಲದ ರೂಪವನ್ನು ವಾಚಕರು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಇಂಡಿ, ಸಿಂದಗಿಗಳ ಉತ್ತರದ ಅಂಚಿಗೆ ಭೀಮೆ. ಬಾಗೇವಾಡಿ, ಮುದ್ದೇಬಿಹಾಳಗಳ ದಕ್ಷಿಣದ ಅಂಚಿಗೆ ಕೃಷ್ಣೆ. ನಡುವಿನ ಎರೆಭೂಮಿಯನ್ನು ಸೀಳಿಕೊಂಡು ಹೋಗುವ ಡೋಣಿ. ಈಗ ಈ ನಾಲ್ಕರೊಳಗಿಂದ ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಬೇರೆ ತಾಲೂಕುಗಳಾಗಿವೆ. ಆದರೆ ಹೊಳೆಗೆ ತಾಲೂಕಿನ ಗಡಿ ತಿಳಿಯದು. ಮೂರು ಹೊಳೆಗಳ ನಡುವೆ ಕುಳಿತೂ ನಾವು ನಮ್ಮನ್ನು ಬರದ ನಾಡಿನವರೆಂದೇ ಕರೆದುಕೊಳ್ಳುತ್ತ ಬಂದಿದ್ದೇವೆ. ಆ ಹೆಸರು ಸುಳ್ಳಲ್ಲ. ಆದರೆ ಅದು ಅರ್ಧ ಸತ್ಯ. ಮತ್ತು ಇಂಥ ವಿಷಯದಲ್ಲಿ ಅರ್ಧ ಸತ್ಯವು ಪ್ರಾಣಕ್ಕೆ ಅಪಾಯಕರವಾದುದು.

ಬರವು ನಮ್ಮ ಹಿರಿಯರಿಗೆ ಕಲಿಸಿದ ಪಾಠ ಕಠಿಣವಾದುದು. 1876-78ರ ಕ್ಷಾಮದಲ್ಲಿ, ಅಂದು ಕಲಾದಗಿ ಎಂಬ ಹೆಸರಿನಿಂದಿದ್ದ, ಇಂದಿನ ಬಾಗಲಕೋಟೆಯನ್ನೂ ಒಳಗೊಂಡಿದ್ದ ಈ ಜಿಲ್ಲೆಯ ಜನರು ಹುಳುಗಳಂತೆ ಸತ್ತರು. 1872ರ ಖಾನೇಸುಮಾರಿಯಲ್ಲಿ ಎಂಟು ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ ಆರೂವರೆ ಲಕ್ಷದ ಒಳಗಿಳಿದಿತ್ತು. ಬರದ ಅಂಜಿಕೆಯಿಂದಲೇ ಹಗೇವು ತೋಡಿ ಜೋಳ ತುಂಬಿಡುವ, ಕಣಿಕೆಯ ಬಣವೆಯನ್ನು ಎರಡು ವರ್ಷದ ಮೇವಾಗಿ ಕಾಯ್ದಿಡುವ ಪದ್ಧತಿಗಳು ಈ ಭಾಗದಲ್ಲಿ ಬೇರೂರಿದವು. ಆದ್ದರಿಂದ ಪೂರ್ವಸಿದ್ಧತೆ ಎಂಬುದು ನಮಗೆ ಪರದೇಶದಿಂದ ಬಂದ ಹೊಸ ಮಾತಲ್ಲ. ಒಬ್ಬ ಶತ್ರುವಿಗಾಗಿ ನಾವು ಕೋಟೆ ಕಟ್ಟಿಕೊಂಡೆವು. ಇನ್ನೊಬ್ಬನು ಬರುವ ಬಾಗಿಲನ್ನು ತೆರೆದಿಟ್ಟೆವು, ಇಷ್ಟೇ.

ಈ ಇನ್ನೊಬ್ಬನು ಬಂದ ದಿನಗಳನ್ನು ನೋಡೋಣ. 2009ನೆಯ ಇಸವಿಯು ಇಡೀ ದೇಶಕ್ಕೆ ಅನಾವೃಷ್ಟಿಯ ವರ್ಷವಾಗಿತ್ತು. ಶ್ರಾವಣದಲ್ಲಿ ಒಣಗಿದ ಪೈರನ್ನು ನೋಡಿ ನಿಟ್ಟುಸಿರು ಬಿಟ್ಟ ಅದೇ ಉತ್ತರ ಕರ್ನಾಟಕದ ಮೇಲೆ ಸಪ್ಟೆಂಬರದ ಕೊನೆಯ ದಿನಗಳಿಂದ ಅಕ್ಟೋಬರದ ಮೊದಲ ದಿನಗಳವರೆಗೆ ಬಂಗಾಳ ಉಪಸಾಗರದ ಕಡೆಯಿಂದ ಬಂದ ಮೋಡಗಳು ಹಗಲಿರುಳು ಸುರಿದವು. ರಾಜ್ಯದಲ್ಲಿ ಇನ್ನೂರಕ್ಕೂ ಮೇಲ್ಪಟ್ಟು ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ಅನೇಕರು ಹೊಳೆಯಲ್ಲಿ ಮುಳುಗಿದವರಲ್ಲ. ನೆನೆದ ಮಣ್ಣಿನ ಗೋಡೆ, ಮಾಳಿಗೆಗಳ ಕೆಳಗೆ ಸಿಕ್ಕವರು. ಮನೆ ಕಳೆದುಕೊಂಡ ಹಳ್ಳಿಗಳಿಗಾಗಿ ‘ಆಸರೆ’ ಎಂಬ ಯೋಜನೆಯನ್ನೇ ಸರಕಾರವು ಹೂಡಬೇಕಾಯಿತು.

2020ರ ಅಕ್ಟೋಬರ 13ರ ಬೆಳಗಿನಲ್ಲಿ ಒಂದು ತೀವ್ರ ವಾಯುಭಾರ ಕುಸಿತವು ಆಂಧ್ರದ ಕಾಕಿನಾಡದ ಹತ್ತಿರ ದಡ ಹತ್ತಿತು. ಅದು ತೆಲಂಗಾಣವನ್ನು ದಾಟಿ, ನಮ್ಮ ಉತ್ತರ ಒಳನಾಡನ್ನು ಹಾಯ್ದು, ಸೋಲಾಪುರದ ಸೀಮೆಯ ಮೇಲೆ ಮಳೆ ಸುರಿಸುತ್ತ ಪಡುವಣ ಕಡಲಿನತ್ತ ನಡೆಯಿತು. ಎರಡು ಮೂರು ದಿನಗಳಲ್ಲಿ ಭೀಮೆಯು ದಡ ಮೀರಿ, ಆಲಮೇಲ ಸೀಮೆಯ ತಾರಾಪುರ, ತಾವರಖೇಡಗಳಂಥ ಹೊಳೆಸಾಲಿನ ಹಳ್ಳಿಗಳ ಜನರು ಮಕ್ಕಳನ್ನೂ ಮೂಟೆಗಳನ್ನೂ ಹೊತ್ತು ಹೊರಬೀಳಬೇಕಾಯಿತು. 2025ರ ಸಪ್ಟೆಂಬರದ ಕೊನೆಯಲ್ಲಿ ಸೀನಾ, ಭೀಮಾ ನದಿಗಳು ಉಕ್ಕಿ ಮತ್ತೆ ಅದೇ ಕಥೆಯಾಯಿತು. ಕೃಷ್ಣೆಯ ಮಾತೇ ಬೇರೆ. ಸಹ್ಯಾದ್ರಿಯ ಮೇಲೆ ಮಳೆ ಹೆಚ್ಚಾದರೆ ಅದು ಆಷಾಢ-ಶ್ರಾವಣಗಳಲ್ಲಿಯೇ ತುಂಬಿ ಬರುವದು. 2019ರ ಅಗಸ್ಟದಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ಸಿಗೂ ಮಿಕ್ಕಿದ ನೀರನ್ನು ಹೊರಬಿಡಬೇಕಾಗಿ ಬಂದುದನ್ನು ತಂಗಡಗಿ, ಕುಂಚಗನೂರುಗಳ ಜನರು ಮರೆತಿರಲಿಕ್ಕಿಲ್ಲ.

ಈ ಇಸವಿಗಳನ್ನು ಪಂಚಾಂಗದ ಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿಯು ಎದ್ದು ಕಾಣುವದು. 2009ರದು ಹಸ್ತಾ ಮಳೆ. 2020ರದು ಚಿತ್ತಾ ಮಳೆ. 2025ರದು ಉತ್ತರೆ ಕಳೆದು ಹಸ್ತ ಹಿಡಿಯುವ ಹೊತ್ತಿನ ಮಳೆ. ಅಂದರೆ ನಮ್ಮ ಸೀಮೆಯನ್ನು ಕಾಡಿದ ಈ ಆಪತ್ತುಗಳು ಮಳೆಗಾಲದ ತಲೆಬಾಗಿಲಿನಿಂದ ಬಂದವಲ್ಲ, ಹಿತ್ತಿಲ ಬಾಗಿಲಿನಿಂದ ಬಂದಂಥವು. ಮೃಗಶಿರೆಯ ಹೊತ್ತಿಗೆ ಊರೆಲ್ಲ ಮುಗಿಲು ನೋಡುತ್ತಿರುವದು. ಹಸ್ತದ ಹೊತ್ತಿಗೆ ಮಳೆಗಾಲ ಮುಗಿಯಿತೆಂದು ಛತ್ರಿಯನ್ನು ಗೂಟಕ್ಕೆ ತೂಗುಹಾಕುವದು. ವೈರಿಯು ಬರುವದು ಆಗಲೇ.

ಇದಕ್ಕೆ ಕಾರಣವನ್ನು ತಿಳಿಯುವದು ಕಷ್ಟವಲ್ಲ. ಬಂಗಾಳ ಉಪಸಾಗರದ ಚಂಡಮಾರುತಗಳಿಗೆ ವರ್ಷದಲ್ಲಿ ಎರಡು ಕಾಲಗಳು: ಮುಂಗಾರಿಗೆ ಮುಂಚಿನ ಏಪ್ರಿಲ-ಜೂನಗಳು ಒಂದು, ಮುಂಗಾರು ಹಿಂದೆಗೆಯುವ ಅಕ್ಟೋಬರ-ಡಿಸೆಂಬರಗಳು ಇನ್ನೊಂದು. ಅಮೇರಿಕೆಯವರು ಹರಿಕೇನ್ ಎಂದು ಕರೆಯುವ ಬಿರುಗಾಳಿಯೂ ನಮ್ಮ ಚಂಡಮಾರುತವೂ ಒಂದೇ ಜಾತಿಯವು. ಕಾದ ಕಡಲಿನ ಆವಿಯೇ ಅದರ ಅನ್ನ. ದಡ ಹತ್ತಿದೊಡನೆ ಆ ಅನ್ನ ತಪ್ಪಿ ಗಾಳಿಯ ಬಲ ಕುಂದುವದು. ಆದರೆ ಹೊತ್ತು ತಂದ ನೀರು ಎಲ್ಲಿಯೂ ಹೋಗುವದಿಲ್ಲ. ಅದನ್ನು ಒಳನಾಡಿನ ಮೇಲೆ ಇಳಿಸಿಯೇ ತೀರುವದು. ಕರಾವಳಿಯವರ ಪಾಲಿಗೆ ಗಾಳಿ ಬಂದರೆ ನಮ್ಮ ಪಾಲಿಗೆ ನೀರು ಬರುವದು. ಆ ಹೊತ್ತಿಗೆ ಮೂರು ತಿಂಗಳ ಮಳೆ ಕುಡಿದ ಎರೆಮಣ್ಣಿನ ಬಿರುಕುಗಳು ಮುಚ್ಚಿರುವವು. ಬಿದ್ದ ಹನಿ ಒಳಗಿಳಿಯದೆ ಹಳ್ಳಕ್ಕೆ ಓಡುವದು. 117 ಟಿ.ಎಂ.ಸಿ.ಯ ಉಜನಿ, 123 ಟಿ.ಎಂ.ಸಿ.ಯ ಆಲಮಟ್ಟಿ ಜಲಾಶಯಗಳು ಒಳ್ಳೆಯ ವರ್ಷದಲ್ಲಿ ಆಗ ಕಂಠಮಟ ತುಂಬಿರುವವು. ತುಂಬಿದ ಕೊಡಕ್ಕೆ ಇನ್ನೊಂದು ತಂಬಿಗೆ ಸುರಿದರೆ ಅದು ಹೊರಗೆ ಚೆಲ್ಲದೆ ಮತ್ತೇನು ಮಾಡೀತು? ಇದಲ್ಲದೆ ಉಜನಿಯ ಕೆಳಗೆ ನೀರಾ ನದಿಯೂ, ನಮ್ಮ ಗಡಿಯ ಹತ್ತಿರ ಸೀನಾ ನದಿಯೂ ಭೀಮೆಯನ್ನು ಕೂಡುವವು. ಆದ್ದರಿಂದ ಉಜನಿಯ ಬಾಗಿಲು ಮುಚ್ಚಿದೆಯೆಂದು ಇಂಡಿಯ ಹೊಳೆಸಾಲಿನವರು ನಿಶ್ಚಿಂತರಾಗುವಂತಿಲ್ಲ.

ಇದರಲ್ಲಿ ಒಂದು ವಿಧಿವಿಲಾಸವೂ ಉಂಟು. ಹಸ್ತ, ಚಿತ್ತಾ ಮಳೆಗಳನ್ನು ನಮ್ಮ ರೈತನು ಕೈಮುಗಿದು ಬೇಡಿಕೊಳ್ಳುವನು. ಹಿಂಗಾರಿ ಜೋಳದ ಬಿತ್ತಿಗೆಗೆ, ಎರೆಯ ತೇವಕ್ಕೆ ಅವೇ ಆಧಾರ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ಹುಟ್ಟಿದ್ದು ಆ ಮಳೆಗಳ ಕೃಪೆಯಿಂದಲೇ. ಹೀಗೆ ಬೇಡಿ ಕರೆದ ಅತಿಥಿಯು ಅತಿಯಾಗಿ ಬಂದಾಗ ಅವನನ್ನು ವೈರಿಯೆಂದು ಗುರುತಿಸಲು ನಮ್ಮ ಮನಸ್ಸು ಒಪ್ಪುವದಿಲ್ಲ. ‘ಸುರಿಯಲಿ ಬಿಡು, ಜೋಳಕ್ಕೆ ಒಳ್ಳೆಯದು’ ಎಂದು ಮಲಗಿದವನ ಮೇಲೆ ನಡುರಾತ್ರಿಯಲ್ಲಿ ಮಾಳಿಗೆ ಕುಸಿಯುವದು.

ಮುನ್ಸೂಚನೆ ಇಲ್ಲವೆಂದು ಈಗ ಯಾರೂ ಹೇಳುವಂತಿಲ್ಲ. 1864ರಲ್ಲಿ ಕಲಕತ್ತೆಯನ್ನು ಹಾಳುಮಾಡಿದ ಚಂಡಮಾರುತ, 1866 ಮತ್ತು 1871ರಲ್ಲಿ ಕೈಕೊಟ್ಟ ಮಳೆ - ಈ ಎರಡು ಬಗೆಯ ಪೆಟ್ಟು ತಿಂದ ಮೇಲೆ 1875ರಲ್ಲಿ ಭಾರತದ ಹವಾಮಾನ ಇಲಾಖೆಯು ಹುಟ್ಟಿತು. ಬಿರುಗಾಳಿ ಮತ್ತು ಬರ ಇವೆರಡೂ ಅದರ ತಾಯಿತಂದೆಗಳೆಂದರೂ ಸಲ್ಲುವದು. ಹಳದಿ ಎಂದರೆ ಗಮನವಿಡಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕೂಡಲೆ ಕಾರ್ಯಕ್ಕೆ ತೊಡಗಿರಿ ಎಂಬುದು ಅದರ ಬಣ್ಣಗಳ ಭಾಷೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಯ ಲೆಕ್ಕವನ್ನು ಹೋಬಳಿಯ ಮಟ್ಟದವರೆಗೂ ಕೊಡುತ್ತಿದೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿ ಹೇಳಬೇಕು. ದೊಡ್ಡ ಚಂಡಮಾರುತಗಳಿಗೆ ಹೆಸರಿಡುವ ಪದ್ಧತಿ ಈಗ ಬಂದಿರುವದರಿಂದ, ಹೆಸರುಳ್ಳ ಗಾಳಿಗಷ್ಟೇ ಅಂಜಬೇಕೆಂದು ಜನರು ಭಾವಿಸುತ್ತಾರೆ. 2020ರಲ್ಲಿ ಭೀಮಾತೀರವನ್ನು ಮುಳುಗಿಸಿದ ಕುಸಿತಕ್ಕೆ ಹೆಸರೇ ಇರಲಿಲ್ಲ.

ಸಿದ್ಧತೆಯಿಂದ ಏನಾದೀತು ಎಂದು ಸಂಶಯಪಡುವವರಿಗೆ ಒಡಿಶಾ ಪ್ರಾಂತದ ಉದಾಹರಣೆ ಸಾಕು. 1999ರ ಅಕ್ಟೋಬರ 29ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದರು. ಆ ದುಃಖವು ಅವರನ್ನು ಅಳಿಸಿದ್ದಲ್ಲದೆ ಕಲಿಸಿತು ಕೂಡ. ಆಶ್ರಯಮಂದಿರಗಳು ಎದ್ದವು, ಹಳ್ಳಿಹಳ್ಳಿಗೆ ತರಬೇತಾದ ತರುಣರು ನಿಂತರು, ಯಾರು ಯಾರನ್ನು ಕರೆದೊಯ್ಯಬೇಕೆಂಬುದು ಮೊದಲೇ ಗೊತ್ತಾಯಿತು. 2013ರ ಅಕ್ಟೋಬರ 12ರಂದು ಫೈಲಿನ್ ಎಂಬ ಅತ್ಯುಗ್ರ ಚಂಡಮಾರುತವು ಅದೇ ಕರಾವಳಿಗೆ ಅಪ್ಪಳಿಸಿದಾಗ ಸುಮಾರು ಹತ್ತು ಲಕ್ಷ ಜನರನ್ನು ಮುಂಚಿತವಾಗಿ ಸಾಗಿಸಿದ್ದರು. ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಕಡಲು ಅದೇ, ದಡ ಅದೇ. ಬದಲಾದದ್ದು ಮನುಷ್ಯರ ಎಚ್ಚರ.

ನಾವಾದರೋ ಪ್ರತಿ ಸಲವೂ ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಗುದ್ದಲಿ ಹುಡುಕುತ್ತೇವೆ. ಈ ದೋಷದಿಂದ ನಮ್ಮ ಪತ್ರಿಕೆಯೂ ಮುಕ್ತವಲ್ಲ. ಅಕ್ಟೋಬರದಲ್ಲಿ ಹಾನಿಯ ಸುದ್ದಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕಿದೆವು. ನವೆಂಬರದಲ್ಲಿ ಪರಿಹಾರ ತಡವಾಯಿತೆಂದು ಗುಡುಗಿದೆವು. ಮೇ ತಿಂಗಳಲ್ಲಿ ಮಾತ್ರ ಒಂದಕ್ಷರವನ್ನೂ ಬರೆಯಲಿಲ್ಲ. ಇಂದಿನ ಈ ಲೇಖನವು ಆ ತಪ್ಪಿಗೆ ನಾವು ಮಾಡಿಕೊಳ್ಳುವ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬೇಕು.

ಮೊದಲು ಮನೆಯ ಮಾತು. ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಹಳ್ಳಿಗಳಲ್ಲಿಯೂ, ಪಟ್ಟಣಗಳ ಹಳೆಯ ಓಣಿಗಳಲ್ಲಿಯೂ ಇವೆ. ಬಿಸಿಲು ಇರುವಾಗಲೇ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿದು, ನೀರಿಳಿಯುವ ಕೊಳವೆಯನ್ನು ಬಿಡಿಸಬೇಕು. ತೊಲೆಗಳಿಗೆ ಗೆದ್ದಲು ಹತ್ತಿದೆಯೇ, ಗೋಡೆಯ ಬುಡ ಸವೆದಿದೆಯೇ ನೋಡಬೇಕು. ಎರಡು ದಿನ ಬಿಡದೆ ಜಡಿಮಳೆ ಹಿಡಿದರೆ ಅಂಥ ಮನೆಯಲ್ಲಿ ಮಲಗಲೇಬಾರದು. ಶಾಲೆಯಲ್ಲಿಯೋ, ಗುಡಿ ಮಠಗಳಲ್ಲಿಯೋ, ನೆರೆಯವರ ಗಟ್ಟಿ ಮನೆಯಲ್ಲಿಯೋ ರಾತ್ರಿ ಕಳೆಯಬೇಕು. ಮಳೆ ನಿಂತ ಮೇಲೂ ನೆನೆದ ಗೋಡೆಯು ಬಿಸಿಲಿಗೆ ಬಿರುಕಿ ಬೀಳುವದುಂಟು. ಆದ್ದರಿಂದ ಬಿಸಿಲು ಬಿತ್ತೆಂದು ಅವಸರದಿಂದ ಒಳಗೆ ಹೋಗಬಾರದು. ತಗಡಿನ ಮೇಲೆ ಕಲ್ಲು ಹೇರಿ ಮನೆ ಮುಚ್ಚುವ ರೂಢಿಯು ಗಾಳಿಯ ದಿನ ಘಾತಕವಾಗುವದು. ತಗಡನ್ನು ತಿರುಪುಮೊಳೆಯಿಂದ ಬಿಗಿಯಬೇಕು. ಆಧಾರ, ಪಡಿತರ ಚೀಟಿ, ಹೊಲದ ಉತಾರ, ಬ್ಯಾಂಕಿನ ಪುಸ್ತಕಗಳನ್ನು ನೀರು ಹೋಗದ ಚೀಲದಲ್ಲಿ ಕಟ್ಟಿ ಒಂದೇ ಕಡೆಗೆ ಇಡಬೇಕು. ಪರಿಹಾರದ ಹೊತ್ತಿಗೆ ಆ ಕಾಗದಗಳಿಲ್ಲದೆ ಅಲೆದವರ ಪಾಡನ್ನು ಕಚೇರಿಯ ಮಹನೀಯರು ಬಲ್ಲರು. ಬೆಳೆವಿಮೆ ಮಾಡಿಸಿದ ರೈತನು ತನ್ನ ಹೊಲಕ್ಕೆ ನೀರು ನಿಂತು ಹಾನಿಯಾದರೆ 72 ತಾಸಿನೊಳಗೆ ತಿಳಿಸಬೇಕೆಂಬ ನಿಯಮವನ್ನೂ ಓದುಬರಹ ಬಲ್ಲವರು ಬಾರದವರಿಗೆ ಹೇಳಿಕೊಡಬೇಕು.

ಇನ್ನು ಹೊಳೆಸಾಲು. ಧೂಳಖೇಡ, ಮಿರಗಿ, ರೋಡಗಿಗಳಂಥ ಭೀಮಾತೀರದ ಊರುಗಳಲ್ಲಿ, ಕೃಷ್ಣಾತೀರದ ಊರುಗಳಲ್ಲಿ, ಊರಿನ ಹಿರಿಯರು ಈಗಲೇ ಕೂಡಿ ಒಂದು ಯಾದಿಯನ್ನು ಬರೆಯಬೇಕು. ನಡೆಯಲಾರದ ಮುದುಕರು ಎಷ್ಟು ಮಂದಿ, ಬಸುರಿ ಬಾಣಂತಿಯರು ಯಾರು, ಅಂಗವಿಕಲರು ಯಾರು, ಅವರನ್ನು ಹೊತ್ತು ಸಾಗಿಸುವ ತರುಣರು ಯಾರು, ಯಾರ ಟ್ರ್ಯಾಕ್ಟರು ಸಿದ್ಧವಿರುವದು, ದನಗಳನ್ನು ಯಾವ ದಿಬ್ಬಕ್ಕೆ ಹೊಡೆಯುವದು ಎಂಬುದೆಲ್ಲ ಹೆಸರು ಹಿಡಿದು ಗೊತ್ತಾಗಬೇಕು. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ಮನೆ ಬಿಡುವಾಗ ದನಗಳ ಕಣ್ಣಿ ಬಿಚ್ಚುವದನ್ನು ಮರೆಯಬಾರದು. ಬಿಚ್ಚಿದ ಎತ್ತು ಈಜೀತು, ಕಟ್ಟಿದ ಎತ್ತು ಗೂಟದಲ್ಲಿಯೇ ಸಾಯುವದು. ನೀರೇರುವಾಗ ಪಂಪಸೆಟ್ಟು ತೆಗೆಯಲು ಹೊಳೆಗಿಳಿಯುವ ಸಾಹಸವು ಎಷ್ಟೋ ಮನೆಗಳ ದೀಪವನ್ನು ಆರಿಸಿದೆ. ಮೋಟಾರನ್ನು ಮೊದಲೇ ಮೇಲಕ್ಕೆ ಸಾಗಿಸಬೇಕು. ಇಲ್ಲವೇ ಹೋದರೆ ಹೋಗಲೆಂದು ಬಿಡಬೇಕು.

ಡೋಣಿಯ ಮತ್ತು ಹಳ್ಳಗಳ ಮಾತನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಕೃಷ್ಣೆ, ಭೀಮೆಗಳು ಹೇಳಿ ಬರುವ ಹೊಳೆಗಳು. ಹಳ್ಳವು ಹೇಳದೆ ಬರುವದು. ಮೇಲುಗಡೆ ಜತ್ತ ಸೀಮೆಯಲ್ಲಿ ಮಳೆಯಾದರೆ, ಇಲ್ಲಿ ನೆತ್ತಿಯ ಮೇಲೆ ನಕ್ಷತ್ರಗಳಿದ್ದಾಗಲೇ ಡೋಣಿಯು ಉಕ್ಕೀತು. ಹೂಳು ತುಂಬಿ, ಜಾಲಿಕಂಟಿ ಬೆಳೆದ ಪಾತ್ರದಲ್ಲಿ ನೀರಿಗೆ ಜಾಗವೇ ಇಲ್ಲ. ತಾಳಿಕೋಟಿಯ ಹತ್ತಿರದ ಹಡಗಿನಾಳ ಸೇತುವೆಯು ಎಷ್ಟು ಸಲ ಮುಳುಗಿತೆಂಬುದನ್ನು ಆ ದಾರಿಯಲ್ಲಿ ತಿರುಗುವವರನ್ನು ಕೇಳಬೇಕು. ಓಡುವ ನೀರು ಒಂದು ಗೇಣು ಇದ್ದರೂ ಆಳನ್ನು ಕೆಡವಬಲ್ಲದು. ಎರಡು ಅಡಿ ಇದ್ದರೆ ಮೋಟಾರು ಗಾಡಿಯನ್ನೇ ಎತ್ತಿಕೊಂಡು ಹೋಗುವದು. ನೀರಿನ ಕೆಳಗೆ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ದಡದಲ್ಲಿ ನಿಂತವನಿಗೆ ಕಾಣದು. ಈ ದಂಡೆಯಲ್ಲಿ ಒಂದು ರಾತ್ರಿ ಹಸಿದು ಕುಳಿತರೆ ನಷ್ಟವೇನು? ಮನೆಯಲ್ಲಿ ಕಾಯುವವರಿಗೆ ತಡವಾಗಿ ಬಂದ ಮಗನು ಬಾರದ ಮಗನಿಗಿಂತ ಸಾವಿರ ಪಾಲು ಲೇಸು.

ಚಂಡಮಾರುತದ ಮೊದಲ ಕಾಲವಾದ ಈ ದಿನಗಳಲ್ಲಿಯೇ ಸಿಡಿಲಿನ ಭಯವೂ ಇದೆ. ಗುಡುಗು ಕೇಳಿಸಿತೆಂದರೆ ಸಿಡಿಲು ನಮ್ಮ ಅಳವಿಯಲ್ಲಿದೆಯೆಂದೇ ತಿಳಿಯಬೇಕು. ಬಯಲಿನ ಒಂಟಿ ಬೇವಿನ ಮರ, ಬನ್ನಿಯ ಮರಗಳ ಬುಡವು ಮಳೆಗೆ ಆಸರೆಯಾದರೂ ಸಿಡಿಲಿಗೆ ಗುರಿ. ಕುರಿಗಾಹಿಗಳಿಗೂ, ಹೊಲದ ಕೂಲಿಯವರಿಗೂ ಇದನ್ನು ಮನಮುಟ್ಟುವಂತೆ ಹೇಳುವವರು ಬೇಕು.

ಅಧಿಕಾರಿವರ್ಗದವರಲ್ಲಿ ನಮ್ಮದೊಂದು ವಿಜ್ಞಾಪನೆ. 2005ರ ವಿಪತ್ತು ನಿರ್ವಹಣಾ ಕಾಯಿದೆಯಂತೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವಿದೆ, ಯೋಜನೆಯ ಪುಸ್ತಕವಿದೆ, 1077 ಎಂಬ ದೂರವಾಣಿಯ ಸಂಖ್ಯೆಯೂ ಇದೆ. ಆದರೆ ಪುಸ್ತಕವು ಕಪಾಟಿನಲ್ಲಿದ್ದು ಪೂರವು ಊರಿನಲ್ಲಿದ್ದರೆ ಏನು ಪ್ರಯೋಜನ? ಉಜನಿಯಲ್ಲಿಯೂ, ನೀರಾ ನದಿಯ ವೀರ ಅಣೆಕಟ್ಟಿನಲ್ಲಿಯೂ ನೀರು ಬಿಟ್ಟ ಸುದ್ದಿ ಎಷ್ಟು ತಾಸಿನಲ್ಲಿ ತಾರಾಪುರದ ಕೊನೆಯ ಮನೆಗೆ ಮುಟ್ಟುವದು ಎಂಬುದನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ ಪರೀಕ್ಷಿಸಿ ನೋಡಬೇಕು. ಗಾಳಿಮಳೆಯ ರಾತ್ರಿ ವಿದ್ಯುತ್ತು ಹೋಗುವದು, ಅದರ ಹಿಂದೆಯೇ ಮೊಬೈಲು ಮೂಕವಾಗುವದು. ಆಗ ಕೆಲಸಕ್ಕೆ ಬರುವದು ನಮ್ಮ ಹಳೆಯ ಡಂಗುರವೇ. ಜನರು ಇಂದಿಗೂ ತಲಾಠಿಗಳೆಂದೇ ಕರೆಯುವ ಗ್ರಾಮ ಆಡಳಿತಾಧಿಕಾರಿಗಳೂ, ಪಂಚಾಯತಿಯವರೂ ಈಗಲೇ ಕೂಡಿ ಕುಳಿತು, ಡಂಗುರ ಸಾರುವವನು ಯಾರೆಂಬುದನ್ನೂ ಗೊತ್ತುಮಾಡಬೇಕು. ಮುಳುಗುವ ಸೇತುವೆಗಳಿಗೆ ಆಳ ತೋರಿಸುವ ಕಂಬ, ದಾರಿ ಮುಚ್ಚುವ ಅಡ್ಡಗಂಬಿ, ರಾತ್ರಿಯ ಕಾವಲುಗಾರ - ಇವಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಪುರಸಭೆಗಳು ಗಟಾರುಗಳನ್ನು ಮೃಗಶಿರೆಗೆ ಮುಂಚೆ ಒಮ್ಮೆ, ಹಸ್ತಕ್ಕೆ ಮುಂಚೆ ಮತ್ತೊಮ್ಮೆ ಬಿಡಿಸಬೇಕು. ಈ ಎರಡನೆಯ ಸಲದ ಕೆಲಸವೇ ಎಲ್ಲಿಯೂ ಆಗುತ್ತಿಲ್ಲ. ಈ ಲೇಖನದಿಂದ ಅದೊಂದು ಆದರೂ ನಮ್ಮ ಶ್ರಮ ಸಾರ್ಥಕವೆಂದು ತಿಳಿಯುವೆವು.

ಪಟ್ಟಣಿಗರಾದ ನಮ್ಮ ವಾಚಕರ ಹೊಣೆ ಇನ್ನೂ ಹೆಚ್ಚಿನದು. ಮುನ್ಸೂಚನೆಯನ್ನು ಓದಬಲ್ಲವರು ಇವರೇ. ಆಣೆಕಟ್ಟು ಒಡೆಯಿತೆಂಬ ಗಾಳಿಸುದ್ದಿಯನ್ನು ಮೊಬೈಲಿನಲ್ಲಿ ಹಬ್ಬಿಸುವವರೂ ಇವರೊಳಗಿನವರೇ. ಸರಕಾರದ ಪ್ರಕಟಣೆಯಲ್ಲದ ಮಾತನ್ನು ಮುಂದೆ ಸಾಗಿಸಬಾರದು. ಎಚ್ಚರಿಕೆಯ ಮಾತು ಒಮ್ಮೊಮ್ಮೆ ಸುಳ್ಳಾಗುವದೂ ಉಂಟು. ಮೂರು ಸಲ ಕಿತ್ತಳೆ ಬಣ್ಣ ತೋರಿಸಿ ಮಳೆ ಬಾರದೆ ಹೋದರೆ ನಾಲ್ಕನೆಯ ಸಲ ನಗುವದು ಮನುಷ್ಯಸ್ವಭಾವ. ಆದರೆ ಹೊಲ ಕಾಯುವವನು ಕಳ್ಳನು ಬಾರದ ರಾತ್ರಿಗಳನ್ನು ವ್ಯರ್ಥವೆಂದು ಎಣಿಸುವದಿಲ್ಲ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ಸೀಮೆಯವರಿಗೆ ದಾಸೋಹದ ಅರ್ಥವನ್ನು ನಾವು ಹೇಳಿಕೊಡಬೇಕಾಗಿಲ್ಲ. ನೆರೆ ಬಂದ ಮೇಲೆ ಅನ್ನ ನೀಡುವ ಕೈಗಳು ಈ ನಾಡಿನಲ್ಲಿ ಎಂದೂ ಕಡಿಮೆಯಾಗಿಲ್ಲ. ಅದೇ ಕೈಗಳು ನೆರೆ ಬರುವ ಮೊದಲು ಒಬ್ಬ ಬಡವನ ಮಾಳಿಗೆಗೆ ನಾಲ್ಕು ಬುಟ್ಟಿ ಮಣ್ಣು ಹಾಕಿದರೆ ಅದೂ ದಾಸೋಹವೇ.

ಬರವೂ ನೆರೆಯೂ ಒಂದೇ ವರ್ಷದಲ್ಲಿ ಒಂದೇ ಹೊಲಕ್ಕೆ ಬರಬಲ್ಲವೆಂಬುದನ್ನು 2009 ತೋರಿಸಿಕೊಟ್ಟಿದೆ. ಆದ್ದರಿಂದ ಈ ವರ್ಷ ಮಳೆ ಕಡಿಮೆಯಾದರೂ ಎಚ್ಚರ ಕಡಿಮೆಯಾಗಬಾರದು. ವಾಚಕರು ಈ ಹೊತ್ತು ಒಂದು ಸಣ್ಣ ಕೆಲಸ ಮಾಡಲಿ. ಗೋಡೆಯ ಮೇಲಿನ ತೂಗುಪಂಚಾಂಗದಲ್ಲಿ ಸಪ್ಟೆಂಬರ 27ನೆಯ ದಿನದ ಸುತ್ತ ಒಂದು ಗೆರೆ ಎಳೆಯಲಿ. ಅದು ಹಸ್ತಾ ಮಳೆ ಹುಟ್ಟುವ ದಿನ. ಆ ದಿನ ಬಂದಾಗ ಮಾಳಿಗೆ, ಗಟಾರು, ಹಳ್ಳ, ಯಾದಿ ಈ ನಾಲ್ಕನ್ನು ಮತ್ತೊಮ್ಮೆ ನೋಡಿಕೊಳ್ಳಲಿ. ಅಂದು ನಾವೂ ಈ ಸ್ಥಳದಲ್ಲಿಯೇ ಮತ್ತೊಮ್ಮೆ ನೆನಪು ಮಾಡಿಕೊಡುವೆವು. ಮಳೆ ಹಿತವಾಗಿ ಬಂದು ಜೋಳ ಬೆಳೆದರೆ, ಅಂಜಿಸಿದಿರೆಂದು ನಮ್ಮನ್ನು ಬಯ್ಯಲಿ. ಆ ಬಯ್ಗಳವನ್ನು ಕೇಳಲು ಎಲ್ಲರೂ ಸುಖವಾಗಿ ಇರುವರಲ್ಲಾ ಎಂಬುದೇ ನಮ್ಮ ಸಮಾಧಾನ.